ಮತವಿಲ್ಲದವರ ವಕಾಲತ್ತು

ಪ್ರಜಾಪ್ರಭುತ್ವದಲ್ಲಿ ಶಾಸಕನು ಮತದಾರನ ಮಾತಿಗೆ ಕಿವಿಗೊಡುತ್ತಾನೆ ಎಂಬುದು ರಾಜ್ಯಶಾಸ್ತ್ರದ ಮೊದಲ ಪಾಠ. ಈ ಪಾಠವನ್ನು ಓದಿದಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಸಂದೇಹ ಮೂಡುತ್ತಿತ್ತು. ಮತವೇ ಇಲ್ಲದವನ ಮಾತನ್ನು ಕೇಳುವವರು ಯಾರು? ಅಳುವ ಮಗುವಿಗೆ ಹಾಲು ಎಂಬ ಮಾತು ನಮ್ಮಲ್ಲಿದೆ. ಆದರೆ ನಿರಾಶ್ರಿತನ ಅಳು ಕೇಳಬೇಕಾದುದು ಅವನು ಬಿಟ್ಟುಬಂದ ನಾಡಿನಲ್ಲಲ್ಲ, ಇನ್ನೂ ಕಾಲಿಡದ ನಾಡಿನಲ್ಲಿ. ಆ ನಾಡಿನ ಶಾಸಕನಿಗೆ ಅವನು ಮತ ಕೊಡಲಾರ, ತೆರಿಗೆ ಕೊಡಲಾರ, ಮುಂದಿನ ಚುನಾವಣೆಯಲ್ಲಿ ಸೋಲಿಸುವೆನೆಂದು ಹೆದರಿಸಲೂ ಆರ. ಆದಕಾರಣ ಅವನ ಪರವಾಗಿ ಆ ನಾಡಿನ ಪ್ರಜೆಗಳೇ ಯಾರಾದರೂ ವಕಾಲತ್ತು ವಹಿಸಬೇಕಾಗುತ್ತದೆ. ಹೀಗೆ ವಕಾಲತ್ತು ವಹಿಸಿದ ಸಂಘಸಂಸ್ಥೆಗಳು ಶಾಸನಸಭೆಯ ಬಾಗಿಲಲ್ಲಿ ಹೇಗೆ ಕೆಲಸ ಮಾಡಿದವು, ಎಲ್ಲಿ ಸೋತವು, ಗೆದ್ದಾಗ ಯಾವ ಬೆಲೆ ತೆತ್ತವು ಎಂಬುದನ್ನು ಒಂದು ನಿಜವಾದ ಉದಾಹರಣೆಯಿಂದ ತಿಳಿಯುವುದೇ ಈ ಲೇಖನದ ಉದ್ದೇಶ.

ಉದಾಹರಣೆಯಾಗಿ ನಾನು ಆರಿಸಿಕೊಂಡಿರುವುದು ೧೯೩೮ರಿಂದ ೧೯೫೦ರವರೆಗಿನ ಅಮೆರಿಕ ಸಂಯುಕ್ತ ಸಂಸ್ಥಾನವನ್ನು. ಕಾರಣವಿಷ್ಟೆ: ಆ ಹನ್ನೆರಡು ವರ್ಷಗಳಲ್ಲಿ ಒಂದೇ ದೇಶ, ಒಂದೇ ಬಗೆಯ ಪ್ರಶ್ನೆಗೆ, ಒಮ್ಮೆ ಇಲ್ಲವೆಂದಿತು, ಒಮ್ಮೆ ಅರೆಮನಸ್ಸಿನಿಂದ ಹೂಂಗುಟ್ಟಿತು, ಕಡೆಗೆ ತನ್ನ ಮಾತನ್ನು ತಾನೇ ತಿದ್ದಿಕೊಂಡಿತು. ಹೋಲಿಸಿ ನೋಡುವ ವಿದ್ಯಾರ್ಥಿಗೆ ಇದಕ್ಕಿಂತ ಅನುಕೂಲವಾದ ಪಾಠ ಸಿಗುವುದು ಕಷ್ಟ.

ಲಾಬಿ ಎಂದರೇನು?

ಲಾಬಿ ಎಂದರೆ ಮೂಲದಲ್ಲಿ ಶಾಸನಸಭೆಯ ಹೊರಗಿನ ಮೊಗಸಾಲೆ. ಸಭೆಯೊಳಗೆ ಮಾತನಾಡುವ ಹಕ್ಕಿಲ್ಲದವರು ಅಲ್ಲಿ ನಿಂತು, ಒಳಗೆ ಹೋಗುವ ಸದಸ್ಯರನ್ನು ಕಂಡು, ತಮ್ಮ ಅಹವಾಲನ್ನು ಹೇಳಿಕೊಳ್ಳುತ್ತಿದ್ದರು. ಬರಬರುತ್ತ ಸ್ಥಳದ ಹೆಸರೇ ಕೆಲಸದ ಹೆಸರಾಯಿತು. ಇಂದು ಈ ಶಬ್ದವನ್ನು ಕೇಳಿದೊಡನೆ ನಮಗೆ ಹಣದ ಚೀಲ, ಗುಟ್ಟಿನ ಮಾತುಕತೆ ನೆನಪಾಗುತ್ತವೆ. ಅದು ಸಂಪೂರ್ಣವಾಗಿ ಸುಳ್ಳಲ್ಲ. ಆದರೆ ಸರ್ಕಾರಕ್ಕೆ ಮನವಿ ಸಲ್ಲಿಸುವುದು ಪ್ರಜೆಯ ಹಕ್ಕೆಂದು ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿಯೇ ಒಪ್ಪಿಕೊಂಡಿದೆ. ಹಣ ಪಡೆದು ಈ ಕೆಲಸ ಮಾಡುವವರು ತಮ್ಮ ಹೆಸರನ್ನೂ ಲೆಕ್ಕವನ್ನೂ ನೋಂದಾಯಿಸಬೇಕೆಂಬ ಶಾಸನವು ಅಲ್ಲಿ ೧೯೪೬ರಲ್ಲಿ ಬಂದಿತು. ಮೊಗಸಾಲೆಯಲ್ಲಿ ನಿಲ್ಲುವುದು ತಪ್ಪಲ್ಲ, ಮುಖ ಮರೆಸಿಕೊಂಡು ನಿಲ್ಲುವುದು ತಪ್ಪು ಎಂಬುದೇ ಆ ಶಾಸನದ ತಾತ್ಪರ್ಯ.

ಒಂದೇ ಸಂಕಟ, ಎರಡು ಬಾಗಿಲು

೧೯೩೮ರ ನವೆಂಬರ್ ೯ ಮತ್ತು ೧೦ರಂದು ಜರ್ಮನಿಯಲ್ಲಿ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ನಾಜಿ ಪಕ್ಷದವರು ಒಡೆದು ಸುಟ್ಟರು. ಬೀದಿಯಲ್ಲಿ ಚೆಲ್ಲಿದ ಗಾಜಿನ ಚೂರುಗಳಿಂದಾಗಿ ಅದಕ್ಕೆ 'ಒಡೆದ ಗಾಜಿನ ರಾತ್ರಿ' ಎಂಬ ಹೆಸರು ಬಂದಿತು. ತಾವು ಹೊರಡಲಾಗದಿದ್ದರೂ ಮಕ್ಕಳನ್ನಾದರೂ ಕಳುಹಿಸೋಣವೆಂದು ಸಾವಿರಾರು ತಂದೆತಾಯಿಗಳು ನಿಶ್ಚಯಿಸಿದರು. ಕಳುಹಿಸಿಕೊಡುವವರಿದ್ದರು, ಬರಮಾಡಿಕೊಳ್ಳುವವರು ಬೇಕಾಗಿತ್ತು.

ಮೊದಲು ಇಂಗ್ಲೆಂಡಿನಲ್ಲಿ ನಡೆದುದನ್ನು ನೋಡೋಣ. ಅಲ್ಲಿ ಯಹೂದಿ ಮುಖಂಡರೂ ಕ್ವೇಕರ್ ಪಂಥದವರೂ ನಿಯೋಗ ಕಟ್ಟಿಕೊಂಡು ಸರ್ಕಾರವನ್ನು ಕಂಡರು. ನವೆಂಬರ್ ೨೧ರಂದು ಗೃಹಮಂತ್ರಿ ಸರ್ ಸ್ಯಾಮ್ಯುಯಲ್ ಹೋರ್ ಅವರನ್ನು ಕಂಡವರಲ್ಲಿ ಲಾರ್ಡ್ ಸ್ಯಾಮ್ಯುಯಲ್ ಮತ್ತು ಕ್ವೇಕರ್ ಮಹಿಳೆ ಬರ್ತಾ ಬ್ರೇಸಿ ಇದ್ದರು. ಅದೇ ದಿನ ಪಾರ್ಲಿಮೆಂಟಿನಲ್ಲಿ ಚರ್ಚೆಯೂ ನಡೆದು ಸರ್ಕಾರ ಒಪ್ಪಿಕೊಂಡಿತು. ಮಕ್ಕಳ ಖರ್ಚು ಬೊಕ್ಕಸದ ಮೇಲೆ ಬೀಳಬಾರದು ಎಂಬುದು ಷರತ್ತು. ಡಿಸೆಂಬರ್ ೨ರಂದು ಮೊದಲ ತಂಡದ ಮಕ್ಕಳು ಹಾರ್ವಿಚ್ ಬಂದರಿನಲ್ಲಿ ಇಳಿದರು. ೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಗುವ ಹೊತ್ತಿಗೆ ಸುಮಾರು ೧೦,೦೦೦ ಮಕ್ಕಳು ಹೀಗೆ ಬದುಕಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರಿಗೆ ತಂದೆತಾಯಿಗಳ ಮುಖ ಮತ್ತೆ ಕಾಣಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಇಂಗ್ಲೆಂಡಿನಲ್ಲಿ ಇದು ಹನ್ನೊಂದೇ ದಿನಗಳಲ್ಲಿ ಆದುದೇಕೆ? ದೊಡ್ಡ ಕಾರಣವೆಂದರೆ ಅಲ್ಲಿ ಹೊಸ ಶಾಸನವೇ ಬೇಕಾಗಿರಲಿಲ್ಲ, ಮಂತ್ರಿಯ ಅಪ್ಪಣೆ ಸಾಕಾಗಿತ್ತು. ಅಮೆರಿಕದಲ್ಲಿ ಹಾಗಲ್ಲ. ೧೯೨೪ರ ವಲಸೆ ಶಾಸನದ ಪ್ರಕಾರ ಯಾವ ದೇಶದಿಂದ ವರ್ಷಕ್ಕೆ ಎಷ್ಟು ಜನ ಬರಬಹುದೆಂಬುದು ಗೊತ್ತುಪಡಿಸಿದ ಅಂಕಿ. ಆಗ ಜರ್ಮನಿ ಮತ್ತು ಆಸ್ಟ್ರಿಯಾಗಳಿಗೆ ಸೇರಿ ಇದ್ದ ಪಾಲು ವರ್ಷಕ್ಕೆ ೨೭,೩೭೦. ಆ ಪಾಲಿಗೆ ಹೊರತಾಗಿ ಒಂದು ಮಗುವನ್ನು ಬಿಡಬೇಕಾದರೂ ಕಾಂಗ್ರೆಸ್ಸು, ಎಂದರೆ ಅಲ್ಲಿಯ ಶಾಸನಸಭೆ, ಮಸೂದೆಯನ್ನು ಅಂಗೀಕರಿಸಬೇಕಾಗಿತ್ತು. ಮಂತ್ರಿಯ ಬಾಗಿಲು ಒಂದು. ಕಾಂಗ್ರೆಸ್ಸಿಗೆ ಬಾಗಿಲುಗಳು ನೂರಾರು.

೧೯೩೯ರ ಮಸೂದೆ

೧೯೩೯ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಸೆನೆಟರ್ ರಾಬರ್ಟ್ ವ್ಯಾಗ್ನರ್ ಅವರು ಸೆನೆಟ್ಟಿನಲ್ಲಿಯೂ, ಮ್ಯಾಸಚೂಸೆಟ್ಸಿನ ಪ್ರತಿನಿಧಿ ಶ್ರೀಮತಿ ಈಡಿತ್ ನೋರ್ಸ್ ರಾಜರ್ಸ್ ಅವರು ಕೆಳಮನೆಯಲ್ಲಿಯೂ ಒಂದೇ ಮಸೂದೆಯನ್ನು ಮಂಡಿಸಿದರು. ಒಬ್ಬರು ಡೆಮಾಕ್ರಟಿಕ್ ಪಕ್ಷ, ಇನ್ನೊಬ್ಬರು ರಿಪಬ್ಲಿಕನ್ ಪಕ್ಷ. ಹದಿನಾಲ್ಕು ವರ್ಷಕ್ಕೆ ಮೀರದ ೨೦,೦೦೦ ಜರ್ಮನ್ ನಿರಾಶ್ರಿತ ಮಕ್ಕಳನ್ನು ಎರಡು ವರ್ಷಗಳಲ್ಲಿ, ಗೊತ್ತುಪಡಿಸಿದ ಪಾಲಿಗೆ ಹೊರತಾಗಿ, ಬರಮಾಡಿಕೊಳ್ಳಬೇಕೆಂಬುದು ಅದರ ಸಾರ.

ಮಸೂದೆಯ ಹಿಂದೆ ಜರ್ಮನ್ ನಿರಾಶ್ರಿತ ಮಕ್ಕಳಿಗಾಗಿ ರಚಿತವಾದ, ಎಲ್ಲ ಮತಗಳವರೂ ಸೇರಿದ ಸಮಿತಿಯೊಂದಿತ್ತು. ಮಕ್ಕಳ ಮನೋವೈದ್ಯೆ ಡಾಕ್ಟರ್ ಮೇರಿಯನ್ ಕೆನ್‌ವರ್ದಿ ಮತ್ತು ಕ್ವೇಕರ್ ಸೇವಾಸಮಿತಿಯ ಕ್ಲಾರೆನ್ಸ್ ಪಿಕೆಟ್ ಅದರ ಕೆಲಸದಲ್ಲಿ ಮುಂದಾಗಿದ್ದರು. ಅವರು ಕೇವಲ ಕರುಣೆಯನ್ನು ನಂಬಿಕೊಂಡು ಹೊರಟವರಲ್ಲ. ಖರ್ಚು ಖಾಸಗಿಯಾಗಿ ಭರಿಸಲ್ಪಡುತ್ತದೆ, ಮಕ್ಕಳನ್ನು ಕುಟುಂಬಗಳಲ್ಲಿ ಇಡಲಾಗುತ್ತದೆ, ಅವರು ದುಡಿಯುವ ವಯಸ್ಸಿನವರಲ್ಲವಾದ್ದರಿಂದ ಯಾರ ಕೆಲಸವನ್ನೂ ಕಿತ್ತುಕೊಳ್ಳುವುದಿಲ್ಲ ಎಂದು ಒಂದೊಂದು ಆಕ್ಷೇಪಕ್ಕೂ ಉತ್ತರ ಸಿದ್ಧವಾಗಿತ್ತು. ಏಪ್ರಿಲ್ ತಿಂಗಳ ವಿಚಾರಣೆಯಲ್ಲಿ ನಟಿ ಹೆಲೆನ್ ಹೇಯ್ಸ್ ಸಾಕ್ಷ್ಯ ಹೇಳಿದರು. ಮಾಜಿ ಅಧ್ಯಕ್ಷ ಹರ್ಬರ್ಟ್ ಹೂವರ್ ಬೆಂಬಲ ಕೊಟ್ಟರು. ಎರಡು ದೊಡ್ಡ ಕಾರ್ಮಿಕ ಒಕ್ಕೂಟಗಳೂ ಬೆಂಬಲಿಸಿದವು.

ಎದುರು ಪಕ್ಷದವರ ವಾದವನ್ನೂ ನ್ಯಾಯವಾಗಿ ಹೇಳಬೇಕು. ಯುದ್ಧದಿಂದ ಮರಳಿದ ಯೋಧರ ಸಂಘವಾದ ಅಮೆರಿಕನ್ ಲೀಜನ್, ಸ್ವಾತಂತ್ರ್ಯ ಸಮರದಲ್ಲಿ ದುಡಿದವರ ವಂಶದ ಮಹಿಳೆಯರ ಸಂಘ, ಇನ್ನೂ ಹಲವು ದೇಶಭಕ್ತ ಸಂಘಗಳ ಒಕ್ಕೂಟ, ಇವು ಮಸೂದೆಯನ್ನು ವಿರೋಧಿಸಿದವು. ದೇಶದಲ್ಲಿ ಲಕ್ಷಾಂತರ ಜನ ನಿರುದ್ಯೋಗಿಗಳಿದ್ದಾರೆ. ನಮ್ಮ ಬಡಮಕ್ಕಳನ್ನೇ ನೋಡಿಕೊಳ್ಳಲಾಗದೆ ಹೊರಗಿನವರನ್ನು ತರುವುದು ಸರಿಯೆ? ಇಂದು ಮಕ್ಕಳಿಗಾಗಿ ಬಾಗಿಲು ತೆರೆದರೆ ನಾಳೆ ತಂದೆತಾಯಿಗಳಿಗಾಗಿ ತೆರೆಯಬೇಕಾಗುವುದಿಲ್ಲವೆ? ಎಂದು ಅವರು ಕೇಳಿದರು. ಮನೆಗೆ ಮಾರಿಯಾಗಬಾರದು ಊರಿಗೆ ಉಪಕಾರಿಯಾಗಿ ಎಂಬ ನಮ್ಮ ಹಿರಿಯರ ಮಾತಿನ ಧಾಟಿ ಅದು. ಇದರ ಹಿಂದೆ ಯಹೂದಿದ್ವೇಷವೂ ಸಾಕಷ್ಟಿತ್ತು ಎಂಬುದು ನಿಜ. ಆದರೆ ಹಸಿವಿನ ಭಯವಿದ್ದ ದೇಶದಲ್ಲಿ ಆ ಪ್ರಶ್ನೆಗಳು ಕಿವಿಗೆ ಬೀಳುತ್ತಿದ್ದವು. ಆ ವರ್ಷದ ಜನವರಿಯ ಗ್ಯಾಲಪ್ ಜನಮತ ಪರೀಕ್ಷೆಯಲ್ಲಿ ೧೦,೦೦೦ ಮಕ್ಕಳನ್ನು ತರುವುದಕ್ಕೇ ಶೇಕಡಾ ೬೦ಕ್ಕೂ ಹೆಚ್ಚು ಜನ ಬೇಡವೆಂದಿದ್ದರು.

ಮಸೂದೆ ಹೇಗೆ ಸತ್ತಿತು ಎಂಬುದೇ ಇಲ್ಲಿ ಮುಖ್ಯವಾದ ಪಾಠ. ಅದನ್ನು ಯಾರೂ ಬಹಿರಂಗ ಸಭೆಯಲ್ಲಿ ಮತಕ್ಕೆ ಹಾಕಿ ಸೋಲಿಸಲಿಲ್ಲ. ಸಮಿತಿಯ ಹಂತದಲ್ಲಿ ಒಂದು ತಿದ್ದುಪಡಿ ಬಂದಿತು. ೨೦,೦೦೦ ಮಕ್ಕಳು ಬರಲಿ, ಆದರೆ ಪಾಲಿಗೆ ಹೊರತಾಗಿ ಅಲ್ಲ, ಪಾಲಿನ ಒಳಗೇ ಬರಲಿ ಎಂದು. ಮೇಲುನೋಟಕ್ಕೆ ಇದು ರಾಜಿಯಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಮಾತ್ರ ಅದರ ಅರ್ಥ ತಿಳಿಯುವುದು. ಒಳಗೆ ಬಂದ ಒಂದೊಂದು ಮಗುವಿಗೂ, ಅದೇ ಜರ್ಮನಿಯಲ್ಲಿ ಸರತಿಯಲ್ಲಿ ನಿಂತಿದ್ದ ಒಬ್ಬ ವಯಸ್ಕನ ಜಾಗ ಹೋಗುತ್ತಿತ್ತು. ಮಗುವನ್ನು ಉಳಿಸಲು ಅದರ ತಂದೆಯನ್ನೇ ಬಿಟ್ಟುಕೊಡಬೇಕಾದ ಈ ಏರ್ಪಾಡನ್ನು ವ್ಯಾಗ್ನರ್ ಒಪ್ಪಲಾರದೆ ಮಸೂದೆಯನ್ನು ಹಿಂತೆಗೆದುಕೊಂಡರು. ಅಧ್ಯಕ್ಷ ರೂಸ್‌ವೆಲ್ಟರ ಅಭಿಪ್ರಾಯ ಕೇಳಿ ಬಂದ ಟಿಪ್ಪಣಿಯ ಮೇಲೆ, ಯಾವ ಕ್ರಮವೂ ಬೇಡ, ಕಡತಕ್ಕೆ ಸೇರಿಸಿ ಎಂಬರ್ಥದ ಬರಹ ೧೯೩೯ರ ಜೂನಿನಲ್ಲಿ ಬಿದ್ದಿತು.

ಈ ಸೋಲಿಗೆ ನನಗೆ ಎರಡು ಕಾರಣಗಳು ತೋರುತ್ತವೆ. ಮೊದಲನೆಯದಾಗಿ, ಮಸೂದೆಯ ಪರವಾಗಿದ್ದವರು ಗೌರವಸ್ಥರು. ವಿರೋಧವಾಗಿದ್ದವರು ಊರೂರಿನಲ್ಲಿ ಶಾಖೆಯುಳ್ಳವರು. ಶಾಸಕನು ಪ್ರಸಿದ್ಧರ ಸಾಕ್ಷ್ಯಕ್ಕೆ ತಲೆದೂಗುತ್ತಾನೆ, ತನ್ನ ಕ್ಷೇತ್ರದಿಂದ ಬಂದ ಕಾಗದಗಳನ್ನು ಎಣಿಸುತ್ತಾನೆ. ಎರಡನೆಯದಾಗಿ, ಅಧ್ಯಕ್ಷರ ಮೌನ. ಮೇಲಿನವರು ಮಾತನಾಡದಿದ್ದಾಗ ಹಿಂಜರಿಯುವ ಸದಸ್ಯನಿಗೆ ಅದೇ ಒಂದು ನೆಪವಾಗುತ್ತದೆ.

೧೯೪೮ರ ಶಾಸನ

ಯುದ್ಧ ಮುಗಿದ ಮೇಲೆ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂದಿತು. ಜರ್ಮನಿ, ಆಸ್ಟ್ರಿಯಾ, ಇಟಲಿಗಳ ಶಿಬಿರಗಳಲ್ಲಿ ಮನೆಗೆ ಮರಳಲಾಗದ ಲಕ್ಷಾಂತರ ಜನ ಉಳಿದಿದ್ದರು. ನಾಜಿ ಶಿಬಿರಗಳಿಂದ ಬದುಕುಳಿದ ಯಹೂದಿಗಳು, ದುಡಿಮೆಗಾಗಿ ಹಿಡಿದೊಯ್ಯಲ್ಪಟ್ಟ ಪೋಲೆಂಡ್ ಮತ್ತು ಯುಕ್ರೇನಿನವರು, ಸೋವಿಯತ್ ಆಳ್ವಿಕೆಗೆ ಅಂಜಿ ಬಂದ ಬಾಲ್ಟಿಕ್ ನಾಡಿನವರು ಅವರಲ್ಲಿ ಸೇರಿದ್ದರು. ಕಾನೂನು ಪ್ರಾಧ್ಯಾಪಕರೂ ವಲಸೆ ಇಲಾಖೆಯ ಹಿಂದಿನ ಕಮಿಷನರೂ ಆಗಿದ್ದ ಅರ್ಲ್ ಹ್ಯಾರಿಸನ್ ೧೯೪೫ರಲ್ಲಿ ಆ ಶಿಬಿರಗಳನ್ನು ಸುತ್ತಿ, ಅಲ್ಲಿಯ ದುಃಸ್ಥಿತಿಯನ್ನು ಅಧ್ಯಕ್ಷ ಟ್ರೂಮನ್ನರಿಗೆ ವರದಿ ಮಾಡಿದರು. ಅದೇ ಹ್ಯಾರಿಸನ್ನರ ಅಧ್ಯಕ್ಷತೆಯಲ್ಲಿ ೧೯೪೬ರ ಡಿಸೆಂಬರಿನಲ್ಲಿ 'ನೆಲೆತಪ್ಪಿದವರಿಗಾಗಿ ನಾಗರಿಕರ ಸಮಿತಿ' ಹುಟ್ಟಿತು.

ಈ ಸಮಿತಿಯವರು ೧೯೩೯ರ ಪಾಠವನ್ನು ಚೆನ್ನಾಗಿ ಕಲಿತಂತೆ ಕಾಣುತ್ತದೆ. ಹತ್ತು ಜನರ ಹುಲ್ಲು ಒಬ್ಬನ ಹೊರೆ ಎಂಬಂತೆ ಅವರು ಚರ್ಚುಗಳನ್ನು, ಕಾರ್ಮಿಕ ಸಂಘಗಳನ್ನು, ಮಹಿಳಾ ಸಂಸ್ಥೆಗಳನ್ನು ಒಂದೇ ಬೇಡಿಕೆಗೆ ಕೂಡಿಸಿದರು. ಪತ್ರಿಕೆಗಳಿಗೆ ಲೇಖನ, ರೇಡಿಯೋಕ್ಕೆ ಭಾಷಣ, ಊರೂರಿನ ಸಮಿತಿಗಳಿಗೆ ಕರಪತ್ರ ಇವುಗಳನ್ನು ಒದಗಿಸಿದರು. ಯಹೂದಿ ಸಂಸ್ಥೆಗಳು ಹಣಕ್ಕೂ ಶ್ರಮಕ್ಕೂ ಮುಂದಾಗಿದ್ದರೂ ಹೆಸರಿಗೆ ಮುಂದೆ ನಿಲ್ಲಲಿಲ್ಲ. ಶಿಬಿರವಾಸಿಗಳಲ್ಲಿ ಸುಮಾರು ಶೇಕಡಾ ೮೦ರಷ್ಟು ಜನ ಕ್ರೈಸ್ತರು ಎಂಬುದನ್ನು ಸಮಿತಿ ಪದೇಪದೇ ಸಾರಿತು. ಅದು ನಿಜವೂ ಆಗಿತ್ತು, ಉಪಾಯವೂ ಆಗಿತ್ತು. ನಾಲ್ಕು ವರ್ಷಗಳಲ್ಲಿ ೪ ಲಕ್ಷ ಜನರನ್ನು ಬರಮಾಡಿಕೊಳ್ಳುವ ಮಸೂದೆಯನ್ನು ಇಲಿನಾಯ್ ರಾಜ್ಯದ ಪ್ರತಿನಿಧಿ ವಿಲಿಯಂ ಸ್ಟ್ರಾಟನ್ ೧೯೪೭ರ ಏಪ್ರಿಲಿನಲ್ಲಿ ಮಂಡಿಸಿದರು.

೧೯೪೮ರ ಜೂನ್ ೨೫ರಂದು ಶಾಸನವೇನೋ ಆಯಿತು. ಆದರೆ ಅದರ ಕಲಮುಗಳನ್ನು ಒಂದೊಂದಾಗಿ ಓದಬೇಕು. ಸಂಖ್ಯೆಯನ್ನು ಎರಡು ವರ್ಷಗಳಿಗೆ ಸುಮಾರು ೨ ಲಕ್ಷ ೫ ಸಾವಿರಕ್ಕೆ ಇಳಿಸಲಾಗಿತ್ತು. ಅವರಲ್ಲಿ ಶೇಕಡಾ ೩೦ರಷ್ಟು ಜನ ಬೇಸಾಯಗಾರರಾಗಿರಬೇಕು. ಶೇಕಡಾ ೪೦ರಷ್ಟು ಜನ ಪರರಾಜ್ಯಕ್ಕೆ ಸೇರಿಹೋದ ನಾಡಿನವರಾಗಿರಬೇಕು. ಎಂದರೆ ಮುಖ್ಯವಾಗಿ ಬಾಲ್ಟಿಕ್ ಪ್ರದೇಶದವರು. ಬಂದವರ ಸಂಖ್ಯೆಯನ್ನು ಅವರವರ ದೇಶದ ಮುಂದಿನ ವರ್ಷಗಳ ಪಾಲಿನಿಂದ ಕಳೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ೧೯೪೫ರ ಡಿಸೆಂಬರ್ ೨೨ರೊಳಗೆ ಜರ್ಮನಿ, ಆಸ್ಟ್ರಿಯಾ, ಇಟಲಿಗಳನ್ನು ಪ್ರವೇಶಿಸಿದ್ದವರಿಗೆ ಮಾತ್ರ ಅವಕಾಶ.

ಈ ತಾರೀಖಿನಲ್ಲಿ ಏನಿದೆ ಎಂದು ಓದುಗರು ಕೇಳಬಹುದು. ೧೯೪೬ರ ಜುಲೈಯಲ್ಲಿ ಪೋಲೆಂಡಿನ ಕೀಲ್ತ್ಸೆ ಪಟ್ಟಣದಲ್ಲಿ, ಯುದ್ಧ ಮುಗಿದು ವರ್ಷ ಕಳೆದ ಮೇಲೂ, ಯಹೂದಿಗಳ ಕೊಲೆ ನಡೆಯಿತು. ಅದರಿಂದ ಬೆದರಿ ಸಾವಿರಾರು ಪೋಲಿಷ್ ಯಹೂದಿಗಳು ಜರ್ಮನಿಯ ಶಿಬಿರಗಳಿಗೆ ಓಡಿಬಂದರು. ಅವರೆಲ್ಲರೂ ಆ ಒಂದು ತಾರೀಖಿನಿಂದ ಹೊರಗುಳಿದರು. ಶಾಸನದಲ್ಲಿ ಯಹೂದಿ ಎಂಬ ಶಬ್ದವನ್ನೇ ಬಳಸದೆ ಅನೇಕ ಯಹೂದಿಗಳನ್ನು ಹೊರಗಿಡಲಾಯಿತು. ಕೆಳಮನೆಯ ಮಸೂದೆಯಲ್ಲಿದ್ದ ತಾರೀಖು ೧೯೪೭ರ ಏಪ್ರಿಲ್ ೨೧. ಎರಡು ಮನೆಗಳ ಜಂಟಿ ಸಮಿತಿಯಲ್ಲಿ ಸೆನೆಟ್ಟಿನ ತಾರೀಖೇ ಗೆದ್ದಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ ಅಲ್ಲವೆ? ಟ್ರೂಮನ್ನರು ಬಹಳ ಮನಸ್ಸಿಲ್ಲದೆ ಸಹಿ ಮಾಡುತ್ತಿರುವುದಾಗಿ ಬಹಿರಂಗವಾಗಿಯೇ ಹೇಳಿದರು.

ಇಲ್ಲಿ ನಾಗರಿಕರ ಸಮಿತಿಯ ಉಪಾಯದ ಬೆಲೆಯೂ ಕಾಣುತ್ತದೆ. ಯಾರ ಸಂಕಟದಿಂದ ಚಳವಳಿ ಹುಟ್ಟಿತೋ ಅವರ ಹೆಸರನ್ನು ಹಿಂದಿಟ್ಟು ಬೆಂಬಲ ಗಳಿಸಲಾಯಿತು. ಕಡೆಗೆ ಕಾನೂನು ಕೂಡ ಅವರನ್ನು ಹಿಂದಿಟ್ಟಿತು. ಸಮಿತಿಯನ್ನು ಇದಕ್ಕಾಗಿ ದೂರುವುದು ಸುಲಭ. ಹೆಸರು ಹೇಳಿ ಕೇಳಿದ್ದರೆ ಏನೂ ಸಿಗುತ್ತಿರಲಿಲ್ಲವೇನೋ. ಆದರೂ ವಾದದಲ್ಲಿ ಬಿಟ್ಟ ಮಾತು ಕಲಮಿನಲ್ಲಿ ಬಿಟ್ಟುಹೋಗುವ ಅಪಾಯವಿದೆ ಎಂಬುದನ್ನು ಮರೆಯುವಂತಿಲ್ಲ.

ಸಮಿತಿಯ ಹಿರಿಮೆ ಇರುವುದು ಮುಂದಿನ ಎರಡು ವರ್ಷಗಳಲ್ಲಿ. ಶಾಸನವಾಯಿತೆಂದು ಅವರು ಬಾಗಿಲು ಮುಚ್ಚಲಿಲ್ಲ. ಆ ತಾರೀಖನ್ನೇ ಗುರಿಯಾಗಿಟ್ಟುಕೊಂಡು ಮತ್ತೆ ಹೊರಟರು. ೧೯೪೯ರಲ್ಲಿ ಬ್ರೂಕ್ಲಿನ್ನಿನ ಪ್ರತಿನಿಧಿ ಇಮ್ಯಾನುಯಲ್ ಸೆಲ್ಲರ್ ಅವರ ತಿದ್ದುಪಡಿ ಮಸೂದೆ ಕೆಳಮನೆಯಲ್ಲಿ ಅಂಗೀಕೃತವಾಯಿತು. ಸೆನೆಟ್ಟಿನ ನ್ಯಾಯಾಂಗ ಸಮಿತಿಯ ಅಧ್ಯಕ್ಷ ಪ್ಯಾಟ್ ಮೆಕ್ಯಾರನ್ ಅದನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದರು. ಕಡೆಗೆ ೧೯೫೦ರ ಜೂನ್ ೧೬ರಂದು ತಿದ್ದುಪಡಿ ಶಾಸನವಾಯಿತು. ತಾರೀಖು ೧೯೪೯ರ ಜನವರಿ ೧ಕ್ಕೆ ಸರಿಯಿತು, ಬೇಸಾಯಗಾರರ ಮತ್ತು ಬಾಲ್ಟಿಕ್ ನಾಡಿನವರ ಮೀಸಲು ಹೋಯಿತು, ಸಂಖ್ಯೆ ಹೆಚ್ಚಿತು. ೧೯೫೨ರ ಹೊತ್ತಿಗೆ ಈ ಎರಡು ಶಾಸನಗಳ ಬಲದಿಂದ ಸುಮಾರು ೪ ಲಕ್ಷ ಜನ ಅಮೆರಿಕದಲ್ಲಿ ನೆಲೆ ಕಂಡರು. ಸ್ಟ್ರಾಟನ್ ಮಸೂದೆಯ ಮೊದಲ ಬೇಡಿಕೆಯೂ ಅಷ್ಟೇ ಆಗಿತ್ತೆಂಬುದನ್ನು ಗಮನಿಸಬೇಕು. ಆದರೆ ತಿದ್ದುಪಡಿಗಾಗಿ ಕಾಯುತ್ತಿದ್ದಾಗ, ಹೊಸದಾಗಿ ಹುಟ್ಟಿದ ಇಸ್ರೇಲಿಗೋ ಬೇರೆ ಕಡೆಗೋ ಅನೇಕರು ಆಗಲೇ ಹೊರಟುಹೋಗಿದ್ದರು.

ಕಾನೂನಿನಿಂದಲೇ ಎಲ್ಲವೂ ಆಗುವುದೆ?

೧೯೮೦ರ ಮಾರ್ಚ್ ೧೭ರಂದು ಅಮೆರಿಕವು ನಿರಾಶ್ರಿತರ ಬಗ್ಗೆ ಒಂದು ಸಮಗ್ರ ಶಾಸನವನ್ನೇ ಮಾಡಿತು. ಪ್ರತಿಯೊಂದು ಸಂಕಟಕ್ಕೂ ಹೊಸ ಮಸೂದೆ ಹಿಡಿದು ಅಲೆಯುವುದು ತಪ್ಪಿತು. ಆದರೆ ವರ್ಷಕ್ಕೆ ಹೊರದೇಶದಿಂದ ಎಷ್ಟು ನಿರಾಶ್ರಿತರನ್ನು ಬರಮಾಡಿಕೊಳ್ಳಬೇಕೆಂಬ ಸಂಖ್ಯೆಯನ್ನು, ಕಾಂಗ್ರೆಸ್ಸಿನೊಡನೆ ಸಮಾಲೋಚಿಸಿ, ಅಧ್ಯಕ್ಷರೇ ಗೊತ್ತುಪಡಿಸುವರು. ೨೦೨೫ರ ಆರ್ಥಿಕ ವರ್ಷಕ್ಕೆ ಗೊತ್ತಾದ ಮಿತಿ ೧,೨೫,೦೦೦. ೨೦೨೫ರ ಜನವರಿ ೨೦ರ ಆಜ್ಞೆಯಿಂದ ಆ ಕಾರ್ಯಕ್ರಮವೇ ತಡೆಹಿಡಿಯಲ್ಪಟ್ಟಿತು. ೨೦೨೬ರ ಆರ್ಥಿಕ ವರ್ಷಕ್ಕೆ ಮಿತಿ ೭,೫೦೦ಕ್ಕೆ ಇಳಿಯಿತು. ಶಾಸನ ಒಂದೇ, ಅಂಕಿ ಬೇರೆ. ಮೊಗಸಾಲೆಯಲ್ಲಿ ನಿಲ್ಲುವವರ ಕೆಲಸ ಶಾಸನದೊಡನೆ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ದೇಶದ ಸ್ಥಿತಿ ಇನ್ನೊಂದು ಬಗೆಯದು. ಭಾರತವು ನಿರಾಶ್ರಿತರನ್ನು ಕುರಿತ ೧೯೫೧ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿಲ್ಲ. ಆಶ್ರಯ ಕೊಡುವ ಕ್ರಮವನ್ನು ನಿಗದಿಮಾಡುವ ಪ್ರತ್ಯೇಕ ಶಾಸನವೂ ನಮ್ಮಲ್ಲಿಲ್ಲ. ಹಾಗೆಂದು ನಮ್ಮವರು ಆಶ್ರಯ ಕೊಡದೆ ಇರಲಿಲ್ಲ. ೧೯೬೦ರಲ್ಲಿ ಅಂದಿನ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ನೆಲವನ್ನು ಟಿಬೆಟ್ಟಿನವರಿಗೆ ಕೊಟ್ಟಿತು. ಅದು ಸರ್ಕಾರದ ಆಜ್ಞೆಯಿಂದ ಆದ ಕೆಲಸ. ಆಜ್ಞೆಯು ಶಾಸನಕ್ಕಿಂತ ಬೇಗ ಫಲ ಕೊಡುತ್ತದೆ, ಇಂಗ್ಲೆಂಡಿನ ಮಕ್ಕಳ ಉದಾಹರಣೆಯಂತೆ. ಆದರೆ ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರು ಹಕ್ಕೆಂದು ಕೇಳುವಂತಿಲ್ಲ. ಆಗ ಬಡಿಯಬೇಕಾದ ಬಾಗಿಲು ನ್ಯಾಯಾಲಯದ್ದು. ಅರುಣಾಚಲ ಪ್ರದೇಶದ ಚಕ್ಮಾ ಜನರ ಪರವಾಗಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಹೂಡಿದ ಮೊಕದ್ದಮೆಯಲ್ಲಿ, ಪ್ರಜೆಯಲ್ಲದವನ ಪ್ರಾಣವನ್ನೂ ರಾಜ್ಯವು ಕಾಪಾಡಬೇಕೆಂದು ಸುಪ್ರೀಂ ಕೋರ್ಟು ೧೯೯೬ರಲ್ಲಿ ತೀರ್ಪು ಕೊಟ್ಟಿತು. ಆಶ್ರಯವನ್ನು ಕುರಿತ ಖಾಸಗಿ ಸದಸ್ಯರ ಮಸೂದೆಯೊಂದು ೨೦೧೫ರಲ್ಲಿ ಲೋಕಸಭೆಯ ಮುಂದೆ ಬಂದಿತಾದರೂ ಶಾಸನವಾಗಲಿಲ್ಲ.

ಕಲಿಯಬಹುದಾದುದು

ಈ ಅಧ್ಯಯನದಿಂದ ನನಗೆ ಸ್ಪಷ್ಟವಾದ ಅಂಶಗಳನ್ನು ಸಂಗ್ರಹವಾಗಿ ಹೇಳುತ್ತೇನೆ.

ಒಂದು: ಕರುಣೆಯು ಶಾಸನವಾಗಬೇಕಾದರೆ ಅದು ಲೆಕ್ಕವಾಗಿ, ವಸತಿಯಾಗಿ, ಜವಾಬ್ದಾರಿ ಹೊರುವ ಮನೆಯಾಗಿ ಶಾಸಕನ ಮುಂದೆ ನಿಲ್ಲಬೇಕು.

ಎರಡು: ಆ ಲೆಕ್ಕ ಎಷ್ಟೇ ಸರಿಯಾಗಿರಲಿ, ಶಾಸಕನ ಸ್ವಂತ ಕ್ಷೇತ್ರದಿಂದ ಕೂಗು ಬಾರದಿದ್ದರೆ ಸಾಲದು. ರಾಜಧಾನಿಯ ಗಣ್ಯರ ಸಹಿಗಿಂತ ಸಣ್ಣ ಊರಿನ ಚರ್ಚಿನ ಠರಾವು ಹೆಚ್ಚು ತೂಗಬಹುದು.

ಮೂರು: ಮಸೂದೆಯ ಹೆಸರನ್ನು ನೋಡಿ ಸಂತೋಷಪಡಬಾರದು. ೧೯೩೯ರಲ್ಲಿ ಒಂದು ಸಣ್ಣ ತಿದ್ದುಪಡಿ ೨೦,೦೦೦ ಮಕ್ಕಳ ದಾರಿಯನ್ನು ಮುಚ್ಚಿತು. ೧೯೪೮ರಲ್ಲಿ ಒಂದು ತಾರೀಖು ಸಾವಿರಾರು ಜನರನ್ನು ಹೊರಗಿಟ್ಟಿತು. ಬಾಗಿಲಿನ ಅಗಲವನ್ನು ನಿರ್ಣಯಿಸುವುದು ಶಾಸನದ ಶಿರೋನಾಮೆಯಲ್ಲ, ಅದರ ಕಲಮು.

ಇದು ಹಣವಂತರ ಆಟವಾಗುವುದಿಲ್ಲವೆ ಎಂಬ ಆಕ್ಷೇಪ ಉಳಿಯುತ್ತದೆ. ಆಗಬಹುದು. ಆದರೆ ಮೊಗಸಾಲೆಯನ್ನು ಮುಚ್ಚಿದರೆ ಬಲವುಳ್ಳವರಿಗೆ ಹಿತ್ತಲ ಬಾಗಿಲು ಇದ್ದೇ ಇರುತ್ತದೆ. ಮುಚ್ಚಿಹೋಗುವುದು ಬಲವಿಲ್ಲದವರ ದಾರಿ ಮಾತ್ರ. ಆದ್ದರಿಂದ ಮದ್ದು ಮುಚ್ಚುವುದರಲ್ಲಿಲ್ಲ, ಅಲ್ಲಿ ದೀಪ ಹಚ್ಚುವುದರಲ್ಲಿದೆ: ಯಾರು ಬಂದರು, ಏನು ಕೇಳಿದರು, ಯಾರ ಹಣದಿಂದ ಬಂದರು ಎಂಬುದು ಎಲ್ಲರಿಗೂ ತಿಳಿಯುವಂತಾಗಬೇಕು.

ನಮ್ಮಲ್ಲಿ ಹದಿನೆಂಟು ತುಂಬಿದ ಸಹಪಾಠಿಗಳೆಲ್ಲರಿಗೂ ಮತವಿದೆ. ಅದನ್ನು ನಮ್ಮ ಊರಿನ ರಸ್ತೆಗಾಗಿ, ನೀರಿಗಾಗಿ ಬಳಸುವುದು ನ್ಯಾಯವೇ. ಆದರೆ ಆ ಮತದ ಬಲದಿಂದ ಮತವಿಲ್ಲದವನ ಪರವಾಗಿಯೂ ಒಂದು ಕಾಗದ ಬರೆಯಬಹುದು, ಒಂದು ಮಸೂದೆಯನ್ನು ಕಡೆಯ ಕಲಮಿನವರೆಗೂ ಓದಬಹುದು. ೧೯೩೯ರಲ್ಲಿ ಅಮೆರಿಕದ ಸಣ್ಣ ಊರುಗಳಿಂದ ಅಂಥ ಕಾಗದಗಳು ಇನ್ನಷ್ಟು ಹೋಗಿದ್ದರೆ, ಆ ಮಕ್ಕಳಲ್ಲಿ ಕೆಲವರಾದರೂ ಹಡಗು ಹತ್ತುತ್ತಿದ್ದರೋ ಏನೋ.